ಹಳೇ ಕಂಪ್ಯೂಟರ್ ಮನೆಯಲ್ಲಿ ಇರುವ ತನಕ

ಗಂಗಾವತಿಯ ವಕೀಲರೊಬ್ಬರ ಬಳಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿರುವ ಯಂಕೇಶನಿಗೆ ತಾನು ಬರೆಯುವ ಕರಾರುಪತ್ರಗಳ ಮೇಲೆ ವಿಪರೀತ ಅಭಿಮಾನ. ಎದುರಾಳಿಗೆ ಇರುವೆ ನುಸುಳುವಷ್ಟೂ ಸಂದಿ ಬಿಡುವುದಿಲ್ಲ, ತನ್ನ ಕಕ್ಷಿದಾರನಿಗೆ ಮಾತ್ರ ಆನೆ ಹೋಗುವಷ್ಟು ಜಾಗ ಇಟ್ಟಿರುತ್ತೇನೆ ಎಂದು ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಾನೆ. (ಚಹಾದಂಗಡಿಯವನು ಇದನ್ನು ಸಾವಿರ ಸಲ ಕೇಳಿದ್ದಾನೆ. ಸಾಲ ಕೊಡುವುದನ್ನು ಮಾತ್ರ ನಿಲ್ಲಿಸಿದ್ದಾನೆ.)

ಇಂಥ ಯಂಕೇಶನ ಬಾಳಿನಲ್ಲಿ ಒಂದೇ ಒಂದು ಕೊರಗು. ಮನೆಯಲ್ಲಿದ್ದ ಕಂಪ್ಯೂಟರ್ ಬಡಪಾಯಿಯಾಗಿತ್ತು. ಕರೋನಾ ಕಾಲದಲ್ಲಿ ಮಗಳು ಅನುಷಾಳ ಪಾಠಕ್ಕೆಂದು, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದು ಎಂದು ಕೇಳಿ ತಂದದ್ದು. ಈಗ ಅನುಷಾ ಕೊಪ್ಪಳದ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಹೆಂಡತಿ ಕವಿತಾ ರವಿಕೆಗಳಿಗೆ ಕಸೂತಿ ಹಾಕುವ ಮಷಿನ್ ಇಟ್ಟುಕೊಂಡು, ಅದರ ಡಿಸೈನುಗಳನ್ನು ಈ ಕಂಪ್ಯೂಟರಿನಲ್ಲೇ ಮಾಡುತ್ತಿದ್ದಳು. ನವಿಲು, ಹಂಸ, ಕಳಸ ಎಲ್ಲವನ್ನೂ ಅದು ನಿಧಾನವಾಗಿಯಾದರೂ ತಂದುಕೊಡುತ್ತಿತ್ತು.

ಒಂದು ದಿನ ಆಫೀಸಿನ ಜೂನಿಯರ್ ವಕೀಲ ರುದ್ರೇಶ ತನ್ನ ಮನೆಯ ಕಂಪ್ಯೂಟರಿನಲ್ಲಿ ಒಂದು ಆಟ ತೋರಿಸಿದ. ಅದರಲ್ಲಿ ಒಬ್ಬ ವೀರ. ಅವನು ಬೆಟ್ಟದಿಂದ ಬೆಟ್ಟ ಹತ್ತಿ, ಕೋಟೆಗಳನ್ನು ಗೆದ್ದು, ತುದಿಯಲ್ಲಿ ನಿಂತು ಗಾಳಿಗೆ ಶಲ್ಯ ಹಾರಿಸುತ್ತಾನೆ. ಹೇಳಿದ್ದನ್ನು ಮರುಮಾತಿಲ್ಲದೆ ಮಾಡುತ್ತಾನೆ. ವಕೀಲರು, ಕಕ್ಷಿದಾರರು, ಕೋರ್ಟಿನ ಜವಾನ ಹೀಗೆ ದಿನವಿಡೀ ಎಲ್ಲರಿಂದಲೂ ಹೇಳಿಸಿಕೊಳ್ಳುವ ಯಂಕೇಶನಿಗೆ ಈ ವೀರನ ಮೇಲೆ ಮೋಹವೇ ಹುಟ್ಟಿತು. ಆಟವನ್ನು ಪೆನ್‌ಡ್ರೈವಿನಲ್ಲಿ ತಂದು ಮನೆಯಲ್ಲಿ ಹಾಕಿದ. ವೀರ ಒಂದು ಹೆಜ್ಜೆ ಎತ್ತಿದ, ನಿಂತ. ಬಹಳ ಹೊತ್ತು ಯೋಚಿಸಿ ಆ ಹೆಜ್ಜೆ ಇಟ್ಟ, ಮತ್ತೆ ನಿಂತ. ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಯಂಕೇಶನ ಊಟದ ಹೊತ್ತಾಯಿತು.

"ಹೊಸ ಕಂಪ್ಯೂಟರ್ ತರಬೇಕು ಅಂತೀನಿ," ಎಂದ ತಾಟಿನ ಮುಂದೆ ಕೂತು.

ಕವಿತಾ ರೊಟ್ಟಿ ಬಡಿಸುತ್ತ ಮೂಲೆಯತ್ತ ನೋಡಿದಳು. "ಆ ಸೈಕಲ್ ನೋಡ್ರಿ. ಹೊಟ್ಟಿ ಕರಗಸ್ತೀನಿ ಅಂತ ತಂದ್ರಿ. ಈಗ ಅದರ ಮ್ಯಾಲ ನಿಮ್ಮ ಟಾವೆಲ್ ಒಣಗತಾವ. ಕಂಪ್ಯೂಟರ್ ತಂದು ಏನ್ ಒಣಗಸ್ತೀರಿ?"

"ಇದು ಬ್ಯಾರೆ."

"ಸೈಕಲ್ ತಂದಾಗೂ ಹಿಂಗ ಅಂದಿದ್ರಿ. ಹಳೇದು ಛಲೋ ಐತಿ. ಹೊಸಾದು ತರಂಗಿಲ್ಲ ಅಂತ ಆಣಿ ಮಾಡ್ರಿ, ಅತ್ತಿ ಮುಂದ."

ಯಂಕೇಶನ ತಾಯಿ ಮುದಕಮ್ಮ ಅಡಕೊತ್ತಿನಿಂದ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನೇರವಾಗಿ ಕೂತಳು. ಆಣೆ ಎಂದರೆ ಆಕೆಗೆ ಹುಡುಗಾಟವಲ್ಲ. ಯಂಕೇಶ ಒಂದು ಕ್ಷಣ ಕಂಗಾಲಾದ. ಆಮೇಲೆ ಅವನೊಳಗಿನ ಗುಮಾಸ್ತ ಎದ್ದು ಕೂತ. "ಬಾಯಿಮಾತು ಬ್ಯಾಡ, ಬರದು ಕೊಡ್ತೀನಿ," ಎಂದವನೇ ಅದೇ ಬಡಪಾಯಿ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಮರುದಿನ ಆಫೀಸಿನಲ್ಲಿ ಅಚ್ಚು ತೆಗೆಸಿ ತಂದು ಓದಿದ:

"ಹಳೇ ಕಂಪ್ಯೂಟರ್ ಈ ಮನೆಯಲ್ಲಿ ಇರುವ ತನಕ ಹೊಸ ಕಂಪ್ಯೂಟರ್ ಈ ಹೊಸ್ತಿಲು ದಾಟತಕ್ಕದ್ದಲ್ಲ. ದಾಟಿದ ಪಕ್ಷದಲ್ಲಿ, ನಾನು ಅಂಜನಾದ್ರಿ ಬೆಟ್ಟವನ್ನು ಬರಿಗಾಲಲ್ಲಿ, ಪ್ರತಿಯೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಏರತಕ್ಕದ್ದು. ಹನುಮಪ್ಪನ ಆಣೆ."

ಮುದಕಮ್ಮ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದಳು. ಕಾಗದ ದೇವರ ಜಗುಲಿಯ ಹಿಂದೆ ಹೋಯಿತು. ಶಿಕ್ಷೆಯನ್ನು ಅಷ್ಟು ಭಯಂಕರವಾಗಿ ಬರೆದದ್ದೇ ಅದು ಎಂದೂ ಆಗುವುದಿಲ್ಲವೆಂಬ ಧೈರ್ಯದಿಂದ. ಹೊಸ ಕಂಪ್ಯೂಟರ್ ತರಬಾರದು ಎಂದಿದೆಯೇ ಹೊರತು, ಹಳೆಯದನ್ನು ರಿಪೇರಿ ಮಾಡಿಸಬಾರದು ಎಂದು ಎಲ್ಲಿದೆ? ಆನೆ ಹೋಗುವ ಜಾಗ ಅದೇ.

ಬಸ್‌ಸ್ಟ್ಯಾಂಡಿನ ಹಿಂದೆ ಮುಷರಫನ ಕಂಪ್ಯೂಟರ್ ರಿಪೇರಿ ಅಂಗಡಿ. "ಗ್ರಾಫಿಕ್ಸ್ ಕಾರ್ಡ್ ಒಂದ್ ಹಾಕಿದ್ರ ಸಾಕು ಅಂದಾನ ರುದ್ರೇಶ," ಎಂದು ಯಂಕೇಶ ಒಂದು ಡಬ್ಬಿ ಕೊಂಡು ಮನೆಗೆ ತಂದ.

"ಅದೇನ್ರಿ?" ಎಂದಳು ಕವಿತಾ.

"ಕಂಪ್ಯೂಟರ್ ಅಲ್ಲ. ಹಳೇ ಕಂಪ್ಯೂಟರಿನ ರಿಪೇರಿ ಸಾಮಾನು."

ಆ ಮನೆಯಲ್ಲಿ ಹೊಸ ವಸ್ತು ಯಾವುದೇ ಬರಲಿ, ಮಿಕ್ಸರಾಗಲಿ ಕಸಬರಿಗೆಯಾಗಲಿ, ಹೊಸ್ತಿಲಲ್ಲಿ ನಿಂತು ಮುದಕಮ್ಮನ ಕೈಯಿಂದ ಕುಂಕುಮ ಹಚ್ಚಿಸಿಕೊಂಡೇ ಒಳಗೆ ಬರಬೇಕು. ಡಬ್ಬಿಗೂ ಆಕೆ ಕುಂಕುಮ ಹಚ್ಚಿದಳು. ದೃಷ್ಟಿ ತಾಗದಿದ್ದರೆ ಒಳ್ಳೆಯದೇ ಎಂದು ಯಂಕೇಶ ಸುಮ್ಮನಿದ್ದ.

ಮರುದಿನ ಕಾರ್ಡನ್ನೂ ಕಂಪ್ಯೂಟರನ್ನೂ ಸ್ಕೂಟರಿನ ಮೇಲೆ ಹೇರಿಕೊಂಡು ಅಂಗಡಿಗೆ ಹೋದ. ಮುಷರಫ ಒಳಗೆ ಇಣುಕಿ ತಲೆ ಆಡಿಸಿದ. "ಕಾರ್ಡ್ ಛಲೋ ಐತ್ರಿ ಯಂಕೇಶಣ್ಣ. ಆದ್ರ ಇದಕ್ಕ ಬೇಕಾಗೋ ಕರೆಂಟ್ ನಿಮ್ಮ ಪವರ್ ಸಪ್ಲೈ ಕೊಡಂಗಿಲ್ಲ."

ಪವರ್ ಸಪ್ಲೈ ಬಂತು, ಕುಂಕುಮ ಹಚ್ಚಿಸಿಕೊಂಡು. ವೀರ ಎರಡು ಹೆಜ್ಜೆ ನಡೆದು ನಿಂತ. ಪ್ರೊಸೆಸರ್ ಹಳೆಯದು ಎಂದ ಮುಷರಫ. ಹೊಸ ಪ್ರೊಸೆಸರ್ ಹಳೇ ಮದರ್‌ಬೋರ್ಡಿಗೆ ಹೊಂದಲಿಲ್ಲ. ಹೊಸ ಮದರ್‌ಬೋರ್ಡಿಗೆ ಹಳೇ ರ್‍ಯಾಮ್ ಹೊಂದಲಿಲ್ಲ. ಆಟ ತೆರೆಯುವುದು ತಡ ಎಂದು ಡಿಸ್ಕ್ ಬದಲಾಯಿತು. ಇದೆಲ್ಲ ಹಳೇ ಡಬ್ಬದಲ್ಲಿ ಹಿಡಿಸದೆ, ಗಾಜಿನ ಪಕ್ಕೆಯ, ಒಳಗೆ ಬಣ್ಣದ ದೀಪಗಳಿರುವ ಕ್ಯಾಬಿನೆಟ್ ಬಂತು. ಮುದಕಮ್ಮನಿಗೆ ಅದು ಬಹಳ ಹಿಡಿಸಿ ಕುಂಕುಮದ ಜೊತೆ ಎರಡು ಹೂವೂ ಏರಿಸಿದಳು. ಇಷ್ಟಾದ ಮೇಲೆ ಮಾನಿಟರ್ ಸಣ್ಣದೆನಿಸುವುದು ಸಹಜ. ಅದರ ಮುಂದೆ ಹಳೇ ಕೀಬೋರ್ಡ್ ಕಾಣುವುದೂ ಚೆನ್ನಲ್ಲ.

ಪ್ರತಿ ಸಲವೂ ಕವಿತಾ "ಅದೇನ್ರಿ?" ಎನ್ನುವಳು. ಪ್ರತಿ ಸಲವೂ ಯಂಕೇಶ "ರಿಪೇರಿ ಸಾಮಾನು," ಎನ್ನುವನು. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಅವನು ಮಂಚದ ಕೆಳಗಿನ ಅಕ್ಕಿ ಚೀಲದಲ್ಲಿ ತುಂಬಿಟ್ಟ. ಇಪ್ಪತ್ತೆರಡು ವರ್ಷದ ಗುಮಾಸ್ತಿಕೆಯಲ್ಲಿ ಅವನು ಒಂದು ಚೀಟಿಯನ್ನೂ ಬಿಸಾಡಿದವನಲ್ಲ. ಯಾವ ಕಾಗದ ಯಾವಾಗ ಬೇಕಾಗುತ್ತದೋ ಯಾರಿಗೆ ಗೊತ್ತು.

ಕೊನೆಗೆ ವೀರ ಓಡಿದ. ಎಂಥ ಓಟ. ಒಂದೇ ಉಸಿರಿಗೆ ಬೆಟ್ಟ ಹತ್ತಿ ತುದಿಯಲ್ಲಿ ನಿಂತ. ಯಂಕೇಶನಿಗೆ ಕಣ್ಣು ತುಂಬಿ ಬಂತು. ತಾನೇ ಹತ್ತಿದಷ್ಟು ಸಂತೋಷವಾಯಿತು.

"ನನ್ನ ಡಿಸೈನ್ ಎಲ್ಲಿ ಹಾಕ್ಲಿ?" ಎಂದು ಕೇಳಿದಳು ಕವಿತಾ.

"ಇದರಾಗ ಬ್ಯಾಡ. ನಿನ್ನ ನವಿಲು ತುಂಬಿದ್ರ ಇದು ನಿಧಾನ ಆಗತೈತಿ. ಮೊಬೈಲ್‌ನ್ಯಾಗ ಮಾಡ್ಕೊ."

ಕವಿತಾ "ಆಗ್ಲಿ ಬಿಡ್ರಿ," ಎಂದು ನಗುತ್ತ ಒಳಗೆ ಹೋದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಎರಡು ವಾರದ ನಂತರ, ಒಂದು ಭಾನುವಾರ ಬೆಳಿಗ್ಗೆ, ಯಂಕೇಶ ಕಾಯಿಪಲ್ಲೆ ತಂದು ಒಳಗೆ ಕಾಲಿಟ್ಟಾಗ ಕಸೂತಿ ಮಷಿನ್ನಿನ ಪಕ್ಕದ ಟೇಬಲ್ಲಿನ ಮೇಲೆ ಒಂದು ಕಂಪ್ಯೂಟರ್ ಓಡುತ್ತಿತ್ತು. ಪರದೆಯ ಮೇಲೆ ನವಿಲು. ಮುದಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಕವಿತಾಳ ಕೈಯಲ್ಲಿ ಜಗುಲಿಯ ಹಿಂದಿನ ಕಾಗದ.

"ಇದು ಏನ್ರಿ?" ಎಂದಳು ಕವಿತಾ, ಟೇಬಲ್ ತೋರಿಸಿ.

"ನಮ್ಮ ಹಳೇ ಕಂಪ್ಯೂಟರ್," ಎಂದ ಯಂಕೇಶ. ಡಬ್ಬದ ಮೇಲೆ ಅನುಷಾ ಅಂಟಿಸಿದ್ದ ಚಿಟ್ಟೆಯ ಚಿತ್ರ ಹಾಗೇ ಇತ್ತು. ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವನಿಗೆ ತಾನು ಕಟಕಟೆಯಲ್ಲಿ ನಿಂತಿದ್ದೇನೆಂದು ತಿಳಿದದ್ದು.

"ಚೀಲಾನ ಮುಷರಫಣ್ಣಗ ಒಯ್ದು ಕೊಟ್ಟಿದ್ದೆ. ಒಂದ್ ತಾಸಿನ್ಯಾಗ ಜೋಡ್ಸಿ ಕೊಟ್ಟ. ಒಂದ್ ಸಾಮಾನೂ ಕಡಿಮಿ ಬೀಳ್ಲಿಲ್ಲಂತ. ಇದು ಹಳೇದಾದ್ರ, ಆ ದೀಪದ್ದು ಯಾವ್ದು?"

"ಅದೂ ಹಳೇದ. ರಿಪೇರಿ ಆಗೇತಿ."

"ಒಂದ ಕಂಪ್ಯೂಟರ್ ಎರಡು ಕಡೆ ಹೆಂಗ ಕುಂದ್ರತೈತ್ರಿ?"

ಯಂಕೇಶ ಚೀಲ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ. "ನೋಡು, ನೀ ಇದನ್ನ ಜೋಡಿಸಿದ್ದು ಈಗ. ನಾ ಅದನ್ನ ತಂದಾಗ ಹಳೇ ಕಂಪ್ಯೂಟರ್ ಅನ್ನೂದು ಮನ್ಯಾಗ ಇರಲಿಲ್ಲ. ಬಿಡಿ ಸಾಮಾನು ಇದ್ವು."

"ಚೀಲದಾಗ ಇತ್ತಲ್ಲರಿ. ಚೀಲ ಮಂಚದ ಕೆಳಗ, ಮಂಚ ಮನ್ಯಾಗ. ನೀವ ಬರದೀರಿ, ಇರುವ ತನಕ ಅಂತ. ಜೋಡಿಸಿದ್ದು ಇರುವ ತನಕ ಅಂತ ಎಲ್ಲೈತಿ?" ಕವಿತಾ ಕಾಗದವನ್ನು ಅವನ ಮುಂದೆ ಹಿಡಿದಳು. ಇಲ್ಲ, ಎಲ್ಲಿಯೂ ಇರಲಿಲ್ಲ. ಇರುವೆ ನುಸುಳುವ ಸಂದಿಯೂ ಇರಲಿಲ್ಲ.

ಯಂಕೇಶ ಕೊನೆಯ ಆಸರೆಯಾಗಿ ತಾಯಿಯ ಕಡೆ ತಿರುಗಿದ. "ಯವ್ವಾ, ನೀನರ ಹೇಳು. ನಾ ತಂದಿದ್ದು ರಿಪೇರಿ ಸಾಮಾನು ಹೌದಲ್ಲೊ?"

ಮುದಕಮ್ಮ ಅಡಿಕೆಯನ್ನು ದವಡೆಯ ಪಕ್ಕಕ್ಕೆ ಸರಿಸಿದಳು. "ಒಂಬತ್ತು ಸಲ ಕುಂಕುಮ ಹಚ್ಚೀನಪಾ. ಹಳೇದಕ್ಕ ನಾ ಯಾವಾಗರ ಹೊಸ್ತಿಲದಾಗ ಕುಂಕುಮ ಹಚ್ಚೀನೇನು? ಶನಿವಾರ ಹನುಮನಹಳ್ಳಿಗೆ ಹೋಗೂನು. ಅರಿಶಿಣ ಕುಂಕುಮ ಭಾಳ ಬೇಕಾಗತೈತಿ, ಸೇರು ಲೆಕ್ಕದಾಗ ತಗೊಂಡು ಬಾ."

ಶನಿವಾರ ಅಂಜನಾದ್ರಿಯ ಅಡಿಯ ಹನುಮನಹಳ್ಳಿಯಲ್ಲಿ ಜನವೋ ಜನ. ಮುದಕಮ್ಮ ಬೆಟ್ಟದ ಬುಡದ ಮರದ ನೆರಳಲ್ಲಿ ಕೂತಳು. ಐನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳು ತಲೆ ಎತ್ತಿ ನೋಡಿದಷ್ಟೂ ಇದ್ದವು. ಯಂಕೇಶ ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ತಟ್ಟೆ ಹಿಡಿದು, ಬಗ್ಗಿ ಅರಿಶಿನ ಕುಂಕುಮ ಹಚ್ಚಿ, ಎದ್ದು ಒಂದು ಮೆಟ್ಟಿಲು ಹತ್ತಿದ. ಮತ್ತೆ ಬಗ್ಗಿದ. ಮೊದಲ ಐವತ್ತು ಒಂದು ರೀತಿಯಲ್ಲಿ ಕಳೆದವು. ಎಂಬತ್ತರ ಹೊತ್ತಿಗೆ ಮಂಡಿ ಮಾತಾಡತೊಡಗಿದವು, ಹೊಟ್ಟೆ ಪ್ರತಿ ಸಲವೂ ಅಡ್ಡ ಬಂತು. ಮೂಲೆಯ ಸೈಕಲ್ಲನ್ನು ನೆನೆದು ಅವನಿಗೆ ಮೊದಲ ಬಾರಿ ನಿಜವಾದ ಪಶ್ಚಾತ್ತಾಪವಾಯಿತು. ಪಕ್ಕದಲ್ಲಿ ಹತ್ತುವವರು ಇವನ ಭಕ್ತಿ ಕಂಡು ಕೈ ಮುಗಿದು ಹೋಗುತ್ತಿದ್ದರು.

ನೂರಾ ಹತ್ತನೆಯ ಮೆಟ್ಟಿಲಲ್ಲಿ ಯಂಕೇಶ ಒಂದು ಕಾಲು ಎತ್ತಿದ, ನಿಂತ. ಬಹಳ ಹೊತ್ತು ಯೋಚಿಸಿ ಆ ಕಾಲು ಇಟ್ಟ, ಮತ್ತೆ ನಿಂತ.

ಹಿಂದಿನಿಂದ ನೀರಿನ ಬಾಟಲಿ ಹಿಡಿದು ಬರುತ್ತಿದ್ದ ಕವಿತಾ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಮುಷರಫಣ್ಣಗ ಫೋನ್ ಹಚ್ಲೇನ್ರಿ? ಯಾವ ಸಾಮಾನು ಬದಲಿ ಮಾಡಬೇಕಂತ ಕೇಳೂನು."

ಯಂಕೇಶ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಕುಂಕುಮದಲ್ಲಿ ಬೆರಳದ್ದಿ ಮುಂದಿನ ಮೆಟ್ಟಿಲಿಗೆ ಬಗ್ಗಿದ.