ಹನ್ನೆರಡನೆಯ ಲಾರಿ

ಎಲ್ಲಕ್ಕೂ ಕಾರಣ ಬೆಂಕಿಪೊಟ್ಟಣದಿಂದ ಮಾಡಿದ ಒಂದು ಲಾರಿ. ಇಪ್ಪತ್ತೆರಡು ವರ್ಷಗಳಿಂದ ವಿಶ್ವವಿದ್ಯಾಲಯದಲ್ಲಿ ಸರಕು ಸಾಗಣೆ ಕಲಿಸುತ್ತಿದ್ದ ಬೋರ್ಡ್ ಮೇಷ್ಟ್ರಿಗೆ ಗೋದಾಮು ಅಂದರೆ ಬೋರ್ಡಿನ ಮೇಲೊಂದು ಚೌಕ, ಲಾರಿ ಅಂದರೆ ಒಂದು ಬಾಣ. ಹುಡುಗರು ಹಿಂದಿನ ಬೆಂಚಿನಲ್ಲಿ ಸುಖವಾಗಿ ನಿದ್ದೆ ಹೊಡೆಯುತ್ತಿದ್ದರು. ಯಾರಿಗೂ ಏನೂ ತೊಂದರೆ ಇರಲಿಲ್ಲ.

ಆಮೇಲೆ ಹೊಸ ಮೇಡಂ ಬಂದರು. ಬಂದವರೇ ರಟ್ಟು, ಅಂಟು ತರಿಸಿ ಹುಡುಗರ ಕೈಯಲ್ಲೇ ಮೇಜಿನಗಲದ ಗೋದಾಮು ಕಟ್ಟಿಸಿ, ಹನ್ನೆರಡು ಪುಟ್ಟ ಲಾರಿ ಓಡಿಸಿದರು. ಊಟದ ಗಂಟೆ ಹೊಡೆದರೂ ಒಬ್ಬನೂ ಏಳುತ್ತಿರಲಿಲ್ಲ! ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ಮೇಷ್ಟ್ರ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಆ ಬೆಳಿಗ್ಗೆ ಅಟೆಂಡರ್ ಬೇರೆ ತುಪ್ಪ ಸುರಿದ. "ಸಾರ್, ಹನ್ನೊಂದಕ್ಕೆ ಡೀನ್ ಬರ್ತಾರಂತೆ. ನಿಮ್ಮಿಬ್ಬರಲ್ಲಿ ವಿಭಾಗದ ಮುಖ್ಯಸ್ಥರು ಯಾರು ಅಂತ ಇವತ್ತೇ ಹೇಳ್ತಾರಂತೆ. ಮೇಡಂ ಮಾಡೆಲ್ ತೋರಿಸ್ತಾರೆ. ನೀವೇನು ತೋರಿಸ್ತೀರಾ? ಡಸ್ಟರ್ ಕೊಡವಿ ಇಡ್ಲಾ?"

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮೇಷ್ಟ್ರು ಕಳ್ಳಹೆಜ್ಜೆ ಇಟ್ಟು ಖಾಲಿ ಕೋಣೆಗೆ ನುಗ್ಗಿದರು. ಹನ್ನೆರಡರಲ್ಲಿ ಒಂದು ಲಾರಿ ಮಾಯವಾದರೆ ಸರಕೆಲ್ಲ ಬಾಗಿಲಲ್ಲೇ ರಾಶಿ ಬೀಳುತ್ತದೆ, ಮೇಡಂ ಮುಖ ಹುಳ್ಳಗಾಗುತ್ತದೆ. ಲಾರಿ ಎತ್ತಿಕೊಂಡರು. ಅಯ್ಯೋ, ಹುಡುಗರು ಅದಕ್ಕೆ ಆಗಷ್ಟೇ ಚಕ್ರ ಅಂಟಿಸಿ ಹೋಗಿದ್ದರು! ಲಾರಿ ಅಂಗೈಗೆ ಕಚ್ಚಿಕೊಂಡಿತು. ಎಳೆದರೆ ಚರ್ಮವೇ ಬರುವಂತಿತ್ತು. ಅಷ್ಟರಲ್ಲಿ ಹೊರಗೆ ಮಾತು ಕೇಳಿಸಿತು. ಬಲಗೈ ಜೇಬು ಸೇರಿತು.

ಮೇಡಂ, ಹುಡುಗರ ಜೊತೆ ಒಳಗೆ ಬಂದ ಡೀನ್ ಕೈ ಚಾಚಿದಾಗ ಮೇಷ್ಟ್ರು ಎಡಗೈ ಕೊಟ್ಟರು.

"ಬಲಗೈಗೇನಾಯ್ತು?"

"ಉಳುಕಿದೆ ಸಾರ್."

ಆಟ ಶುರುವಾಯಿತು: ಹದಿನೈದು ನಿಮಿಷದೊಳಗೆ ಗೋದಾಮಿನ ಸರಕೆಲ್ಲ ಸಾಗಬೇಕು. "ಮೇಡಂ, ಒಂದು ಲಾರಿ ಇಲ್ಲ!" ಅಂತ ಹುಡುಗಿಯೊಬ್ಬಳು ಕಿರುಚಿದಳು. ಮೇಷ್ಟ್ರಿಗೆ ಒಳಗೊಳಗೇ ಹಿಗ್ಗು. ಆದರೆ ಹಾಳು ಹುಡುಗರು ತಲೆಗೆ ತಲೆ ಸೇರಿಸಿ, ಎರಡು ಅರ್ಧ ಲೋಡುಗಳನ್ನು ಒಂದೇ ಲಾರಿಗೆ ತುಂಬಿ, ಮೂರು ನಿಮಿಷ ಮುಂಚೆಯೇ ಎಲ್ಲ ಸರಕು ಸಾಗಿಸಿಬಿಟ್ಟರು. ಡೀನ್ ಕುಣಿದಾಡುವುದೊಂದು ಬಾಕಿ.

ಅಷ್ಟರಲ್ಲಿ ಆಟ ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಲೈಬ್ರರಿಯಮ್ಮನಿಗೆ ಕನಿಕರ ಉಕ್ಕಿತು. "ಎಲ್ಲಿ, ಕೈ ತೋರಿಸಿ ಸಾರ್. ನಮ್ಮ ಯಜಮಾನರಿಗೂ ಹೀಗೇ ಉಳುಕಿತ್ತು, ಒಂದೇ ಸಲ ಜಗ್ಗಿದೆ, ಸರಿಹೋಯ್ತು."

"ಬೇಡಮ್ಮಾ, ಬೇಡ..."

ಜಗ್ಗಿಯೇ ಬಿಟ್ಟರು. ಅಂಗೈಯಲ್ಲಿ ಹನ್ನೆರಡನೆಯ ಲಾರಿ!

ಎಲ್ಲರೂ ಕತ್ತು ಚಾಚಿ ನೋಡಿದರು. ಕೊನೆಗೆ ಆ ಹುಡುಗಿಯೇ, "ಸಾರ್, ನಮ್ಮನ್ನ ಪರೀಕ್ಷೆ ಮಾಡೋಕೆ ಬೇಕಂತಲೇ ತೆಗೆದಿಟ್ಟಿದ್ರಾ?" ಅಂದಳು.

ಮೇಷ್ಟ್ರಿಗೆ ಹೋದ ಜೀವ ಬಂತು. "ಮತ್ತಿನ್ನೇನು! ಸಾಗಣೆ ಅಂದ್ಮೇಲೆ ಅಡಚಣೆ ಇರಬೇಡ್ವಾ?"

ಡೀನ್ ಮೇಷ್ಟ್ರ ಬೆನ್ನು ತಟ್ಟಿದರು. "ಭೇಷ್! ಈ ಪಾಠದ ಜೀವಾಳವೇ ಅದು. ಮೇಡಂ, ಇನ್ಮೇಲೆ ನೀವೇ ಮುಖ್ಯಸ್ಥರು. ಮೇಷ್ಟ್ರೇ, ತೊಂದರೆ ಕೊಡೋದ್ರಲ್ಲಿ ನಿಮ್ಮಂಥವರು ಇನ್ನೊಬ್ಬರಿಲ್ಲ. ನಾಳೆಯಿಂದ ದಿನಾ ಒಂದು ಗಂಟೆ ಮುಂಚೆ ಬಂದು ಮಾಡೆಲ್‌ನಲ್ಲಿ ಏನಾದ್ರೂ ಕೆಡಿಸಿಡಿ. ಸರಿಯಾಗಿ ಕೆಡಿಸಿದ್ದೀರಾ ಅಂತ ಮೇಡಂ ನೋಡ್ಕೋತಾರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮೇಷ್ಟ್ರೂ ತಟ್ಟಿದರು. ಈಗ ಲಾರಿ ಎಡಗೈಗೂ ಅಂಟಿಕೊಂಡಿತು.