ಗಬ್ಬದ ಕುದುರೆಯೂ ನನ್ನ ಲಾರಿಯೂ

ಲಾರಿ ಓಡಿಸುವವನಿಗೆ ಭತ್ತ, ಅಡಿಕೆ, ಹೆಂಚು ಯಾವುದೂ ತಲೆನೋವಲ್ಲ. ಹಾಕಿದ ಕಡೆ ಬಿದ್ದಿರುತ್ತವೆ. ಜೀವ ಇರುವ ಸರಕು ಹತ್ತಿದ ದಿನವೇ ಇಂಥವೆಲ್ಲ ನಡೆಯುವುದು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಶಿಕಾರಿಪುರದಲ್ಲಿ ಬಸ್ಸುಗಳು ಹೆಚ್ಚಾಗಿ, ನಮ್ಮ ಬೀದಿಯ ಜಟಕಾ ಅಜ್ಜನನ್ನು ಕೇಳುವವರಿರಲಿಲ್ಲ. ಸೊರಬದ ಮಗಳ ಮನೆಗೆ ಹೋಗಿ ಅಲ್ಲೇ ಜಟಕಾ ಹೊಡೆಯುತ್ತೇನೆಂದು ಹೊರಟ. ಆದರೆ ಕುದುರೆ ಗಬ್ಬವಾಗಿತ್ತು. "ಅಷ್ಟು ದೂರ ನಡೆಸಬೇಡ, ಲಾರಿಯಲ್ಲಿ ಒಯ್ಯಿ. ಬಿದ್ದರೆ ಮಾತ್ರ ಎರಡು ಜೀವ ಹೋಗುತ್ತೆ" ಎಂದು ದನದ ಡಾಕ್ಟರು ಹೇಳಿದ್ದರು. ಅಜ್ಜ ನನ್ನ ಕೈ ಹಿಡಿದು ಅತ್ತ. "ಕೂದಲು ಕೊಂಕದಂಗೆ ಮುಟ್ಟಿಸ್ತೀನಿ, ನಡಿ" ಎಂದೆ. ಹಠಕ್ಕೆ ಬಿದ್ದರೆ ನಾನು ಹೆಂಡತಿಯ ಮಾತನ್ನೂ ಕೇಳುವವನಲ್ಲ.

ಹತ್ತಿಸಿದ್ದು

ಗೊರಸು ಜಾರದಿರಲೆಂದು ಲಾರಿಗೆ ಮರಳು ಸುರಿದು ಹುಲ್ಲು ಹಾಸಿದೆ. ಎರಡೂ ಬದಿಗೆ ಹೊಟ್ಟಿನ ಚೀಲ ಒತ್ತಿದೆ. ಹತ್ತಲು ಇಟ್ಟ ಹಲಗೆಯ ಸದ್ದಿಗೆ ಬೆದರಬಾರದೆಂದು ಅದರ ಮೇಲೂ ಹುಲ್ಲು ಹರಡಿದೆ. ಕುದುರೆ ಬೆಲ್ಲ ತಿಂದಿತು, ಕಾಲು ಮಾತ್ರ ಎತ್ತಲಿಲ್ಲ. ಹಮಾಲಿಯೊಬ್ಬ ಕೋಲೆತ್ತಿದ, ಕಿತ್ತು ಚರಂಡಿಗೆ ಎಸೆದೆ.

ಅಜ್ಜ ತಲೆ ಕೆರೆದುಕೊಂಡ. "ತಪ್ಪು ನಂದೇ ನೋಡ್ರಿ. ಜನ ಹತ್ತಿ ಕೂತ ಮ್ಯಾಲೇನೇ ಇವಳು ಹೆಜ್ಜೆ ಕಿತ್ತಿಡಾದು. ಜಟಕಾದ ರೂಢಿ. ಸಾವ್ಕಾರ್ರೇ, ನೀವು ಮೊದ್ಲು ಹತ್ರಿ."

ನಮ್ಮ ಜೊತೆ ಸೊರಬಕ್ಕೆ ಹೊರಟಿದ್ದ ಅಡಿಕೆ ಸಾವ್ಕಾರರದು ಭಾರಿ ಶರೀರ. ಅವರು ಮುಂದೆ ಹತ್ತಿ ಕೂತರು, ಲಾರಿ ಕಿರ್ರೆಂದಿತು. ಕುದುರೆ ತವರಿಗೆ ಹೊರಟವಳಂತೆ ತಾನೇ ಹತ್ತಿತು.

ಸಾವ್ಕಾರರು ಕಣ್ಣರಳಿಸಿ ಹೇಳಿದರು: "ಮನೇಲಿ ಊಟಕ್ಕೂ ನನಗೆ ಯಾರೂ ಕಾಯಲ್ಲ. ಇದು ಕಾಯ್ತು ನೋಡು!"

ತುಂಬಿದ ಚೊಂಬು

ಅಜ್ಜ ಹಿಂದೆ ಕುದುರೆಯ ಜೊತೆ ನಿಂತ. ಹೊರಡುವ ಮೊದಲು ತುಂಬಿದ ಚೊಂಬೊಂದನ್ನು ನನ್ನ ಮುಂದಿಟ್ಟಿದ್ದ. "ನೀರು ತುಳುಕಿದ್ರೆ ಅಲ್ಲಿ ಅವಳ ಕಾಲು ತಪ್ಪಿತು ಅಂತ ತಿಳ್ಕಳ್ರಿ."

ತುಳುಕಿಸಬಾರದೆಂದು ನಾನೂ ಹಲ್ಲು ಕಚ್ಚಿ ಓಡಿಸಿದೆ. ತಾಳಗುಂದದ ಹತ್ತಿರ ಎತ್ತಿನಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಗಾಡಿಯವನು ಮರುಕದಿಂದ ತಿರುಗಿ ನೋಡಿದ.

"ಲಾರಿ ಕೆಟ್ಟೈತೇನ್ರೀ? ಎತ್ತು ಕಟ್ಟಲಾ?"

ಮುಂದೆ ಸರೀರಿ

ಜಟಕಾದಲ್ಲಿ ಏರು ಬಂದರೆ ಜನರನ್ನು ಮುಂದೆ ಸರಿಸುತ್ತಾರೆ, ಇಳಿಜಾರಿಗೆ ಹಿಂದೆ. ಅಜ್ಜನಿಗೆ ಲಾರಿಯೂ ಜಟಕಾವೇ. ಏರು ಕಂಡಾಗಲೆಲ್ಲ ಹಲಗೆ ಬಡಿದು, "ಸಾವ್ಕಾರ್ರೇ, ಮುಂದೆ ಸರೀರಿ!" ಎನ್ನುತ್ತಿದ್ದ. ಅವರು ಎರಡು ಸಲ ಸರಿದರು. ಮೂರನೆಯ ಸಲ ಅವರ ಹೊಟ್ಟೆ ತಾಗಿ ಚೊಂಬು ಉರುಳಿ ನೀರೆಲ್ಲ ಪಂಚೆಯ ಮೇಲೆ.

ನೀರು ಚೆಲ್ಲಿತಲ್ಲ, ಕುದುರೆ ಬಿದ್ದೇಹೋಯಿತು ಎಂದುಕೊಂಡೆ. ಲಾರಿ ನಿಲ್ಲಿಸಿ ಹಿಂದಕ್ಕೆ ಓಡಿದೆ. ಕುದುರೆ ಹುಲ್ಲು ಮೇಯುತ್ತಿತ್ತು.

ಮುಂದಿನಿಂದ ದನಿ ಬಂತು: "ಒದ್ದೆಯಾದವನನ್ನೂ ಯಾರಾದ್ರೂ ವಿಚಾರಿಸ್ರಪ್ಪಾ!"

ಇಳಿಸಿದ್ದು

ಸೊರಬದಲ್ಲಿ ಅಜ್ಜನ ಮಗಳ ಮನೆ ಎದುರು ಮಣ್ಣಿನ ದಿಬ್ಬಕ್ಕೆ ಲಾರಿಯ ಹಿಂಭಾಗ ತಾಗಿಸಿ ನಿಲ್ಲಿಸಿದೆ. ಹಲಗೆ ಬಿಚ್ಚಿದರೂ ಕುದುರೆ ಅಲುಗಲಿಲ್ಲ.

"ಜನ ಇಳಿಯೋತನಕ ಇವಳು ಅಲ್ಲಾಡಂಗಿಲ್ಲ" ಎಂದ ಅಜ್ಜ. ನಾನು ಇಳಿದಿದ್ದೆ, ಅವನೂ ಇಳಿದ. ಊಹೂಂ.

ಜನ ಸೇರಿದರು. "ಎಂತಕ್ಕೆ ಕಾಯ್ತೀರಿ ಮಾರಾಯ್ರೆ? ನಾಲ್ಕು ಜನ ಹಿಡಿದು ಎಳೆಯಾಣ!" ಎಂದು ಒಬ್ಬ ಹಗ್ಗಕ್ಕೆ ಕೈ ಹಾಕಿಯೇಬಿಟ್ಟ. ಇಷ್ಟು ದೂರ ಜೋಪಾನವಾಗಿ ತಂದು ಕೊನೆಯ ಮೂರು ಹೆಜ್ಜೆಗೆ ಬೀಳಿಸುವುದೇ? ಸಿಟ್ಟು ನೆತ್ತಿಗೇರಿತು. ದಿಬ್ಬದ ಮೇಲೆ ಅಡ್ಡ ನಿಂತೆ. "ಮೊದಲು ನನ್ನನ್ನು ಎಳೀರಿ, ಆಮೇಲೆ ಅದನ್ನು!" ಅವನು ಹಗ್ಗ ಬಿಟ್ಟು ಹಿಂದೆ ಸರಿದ.

ಆಗ ಲಾರಿಯ ಮುಂಭಾಗದಿಂದ ಗೊರಕೆ ಕೇಳಿಸಿತು.

ಸಾವ್ಕಾರರನ್ನು ಎಬ್ಬಿಸಿದೆವು. ಒದ್ದೆ ಪಂಚೆ ಹಿಡಿದುಕೊಂಡು ಅವರು ನೆಲಕ್ಕೆ ಕಾಲಿಟ್ಟರು. ಲಾರಿ ಕಿರ್ರೆಂದು ಮೇಲೆದ್ದಿತು. ಕುದುರೆ ಕಿವಿ ಕೊಡವಿ, ಒಂದೊಂದೇ ಕಾಲಿಟ್ಟು, ತಾನಾಗಿ ಇಳಿದು ಬಂತು. ಅಜ್ಜ ಅದರ ಕೊರಳು ತಬ್ಬಿಕೊಂಡ. ಮುಂದಿನ ತಿಂಗಳು ಮರಿ ಸುಖವಾಗಿ ಹುಟ್ಟಿತು.

ಅವತ್ತು ಸೇರಿದ್ದ ಜನರೆಲ್ಲ ಬಿದ್ದು ಬಿದ್ದು ನಕ್ಕರು. ಸಾವ್ಕಾರರು ಮಾತ್ರ ಕುದುರೆಯನ್ನೇ ದಿಟ್ಟಿಸುತ್ತ ಗಂಭೀರವಾಗಿ ಹೇಳಿದರು:

"ಇಷ್ಟು ವರ್ಷ ಅಡಿಕೆ ಮಂಡಿಯಲ್ಲಿದೀನಿ. ಇಷ್ಟು ನಿಖರವಾದ ತಕ್ಕಡಿ ನಮ್ಮಲ್ಲೂ ಇಲ್ಲ!"