ಅಧ್ಯಕ್ಷರ ಸಹಿ, ನನ್ನ ರಾಹುಕಾಲ

ಅಮೆರಿಕದ ಅಧ್ಯಕ್ಷರು ಅಲ್ಲಿ ಒಂದು ಆದೇಶಕ್ಕೆ ಸಹಿ ಹಾಕಿದಾಗಲೆಲ್ಲ ಇಲ್ಲಿ ಸಿಕಂದರಾಬಾದಿನ ಗೋದಾಮಿನಲ್ಲಿ ನನ್ನ ಮಾನ ಹೋಗುತ್ತದೆ. ನಾವು ಹಿತ್ತಾಳೆಯ ದೀಪ, ಗಂಟೆ, ಪುಟ್ಟ ದೇವರ ಮೂರ್ತಿಗಳನ್ನು ಅಲ್ಲಿನ ಅಂಗಡಿಗಳಿಗೆ ಕಳಿಸುವವರು. ಕಾಗದಪತ್ರದ ಕೆಲಸ ನನ್ನದು. ಅಲ್ಲಿಯ ಸುಂಕ ಒಂದು ಸಹಿಗೆ ಏರುತ್ತದೆ, ಇನ್ನೊಂದು ಸಹಿಗೆ ನಿಲ್ಲುತ್ತದೆ. ನಡುವೆ ನಾನು ಏನಾದರೂ ಮಾಡಿಟ್ಟಿರುತ್ತೇನೆ. ದೇವರು ಕ್ಷಮಿಸಿದ್ದಾನೆಂಬ ನಂಬಿಕೆ ನನಗಿದೆ. ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ.

ಅರ್ಚನೆ

ಮೊದಲ ಆದೇಶ ಬಂದಾಗ ನನಗೆ ತೋಚಿದ್ದು ಒಂದೇ. ಮೆಹದಿಪಟ್ಟಣಂನಲ್ಲಿ ಮನೆ ಹತ್ತಿರದ ಗುಡಿಗೆ ಹೋಗಿ ಅಧ್ಯಕ್ಷರ ಹೆಸರಿನಲ್ಲಿ ಅರ್ಚನೆ ಮಾಡಿಸಿದೆ. ಹೆಸರು ಕೇಳಿ ಪೂಜಾರಿಗಳು ಒಮ್ಮೆ ನನ್ನ ಮುಖ ನೋಡಿದರು.

"ಗೋತ್ರಂ?"

"ತಿಳಿಯದು, ಸ್ವಾಮಿ."

"ನಿಮಗೇನಾಗಬೇಕು?" ಎಂದು ತೆಲುಗಿನಲ್ಲಿ ಕೇಳಿದರು.

"ಆಫೀಸಿನ ಕಡೆಯವರು" ಎಂದೆ.

ಅವರು ಆ ಹೆಸರನ್ನು ಗಟ್ಟಿಯಾಗಿ ಹೇಳಿ ಹೂವು ಹಾಕಿದರು. ಹಿಂದೆ ನಿಂತಿದ್ದ ಕಲಬುರಗಿ ಕಡೆಯ ಅಜ್ಜಿ ಮರುಗಿದಳು. "ಪಾಪ, ಭಾಳ ಸೀರಿಯಸ್ ಐತೇನ್ರಿ?"

ಮರುವಾರ ಸುಂಕ ಇನ್ನೂ ಏರಿತು. ನಮ್ಮ ಮಾಲೀಕರು ಬೀದರ್ ಕಡೆಯ ಹಾಜಿ ಸಾಹೇಬರು. ಕರೆದು ಕೇಳಿದರು: "ಆಚಾರ್ರ, ದೇವರ ಮುಂದ ಏನಂತ ಬೇಡ್ಕೊಂಡ್ರಿ?"

"ಅವರಿಗೆ ಆಯುಷ್ಯ, ಆರೋಗ್ಯ, ಕೈಗೆ ಶಕ್ತಿ ಕೊಡಪ್ಪಾ ಅಂತರಿ."

"ಕೈ ಯಾಕ ಹೇಳಾಕ ಹೋದ್ರಿ? ಸಹಿ ಮಾಡೂದು ಅದರಲೇ ಅಲ್ಲೇನ್ರಿ!"

ಮೂರ್ತಿಯ ತೂಕ

ಆಮೇಲಿನ ಆದೇಶ ಲೋಹದ ಮೇಲೆ. ಪ್ರತಿ ಸಾಮಾನಿನಲ್ಲಿ ಲೋಹವೆಷ್ಟು, ಮರವೆಷ್ಟು, ಇತರೆ ಏನು ಎಂದು ಬರೆದುಕೊಡಬೇಕು. ಸಾಮಾನು ಎಂದರೆ ಮರದ ಪೀಠದ ಮೇಲೆ ಕೂತ ಗಣಪತಿ. ನಾನು ಚಪ್ಪಲಿ ಬಿಟ್ಟು, ಊದುಬತ್ತಿ ಹಚ್ಚಿ, ಒಂದೊಂದು ಮೂರ್ತಿಗೂ ಕ್ಷಮೆ ಕೇಳಿಯೇ ತಕ್ಕಡಿಗೆ ಏರಿಸತೊಡಗಿದೆ. ಪ್ಯಾಕಿಂಗ್ ನೋಡಿಕೊಳ್ಳುವ ಯಾದಗಿರಿಯ ಅಕ್ಕ ಎಷ್ಟು ಹೊತ್ತು ತಡೆದಾಳು?

"ಆಚಾರ್ರೀ, ಹಿಂಗ ಕೈ ಮುಗಕೋತ ಕುಂತ್ರ ಬರೂ ಚೌತಿನೂ ಇಲ್ಲೇ ಮಾಡಬೇಕಾಕೈತಿ."

ಗಣಪತಿ ಎಂದರೆ ಹಿತ್ತಾಳೆ ಇಷ್ಟು, ಮರ ಇಷ್ಟು ಎಂದು ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. 'ಇತರೆ' ಎಂಬಲ್ಲಿ 'ದೈವಾಂಶ' ಎಂದು ಇಂಗ್ಲಿಷಿನಲ್ಲಿ ಬರೆದೆ. ಮಧ್ಯಾಹ್ನ ಕಸ್ಟಮ್ಸ್ ಏಜೆಂಟರ ಫೋನು, ಮಾಲೀಕರ ಟೇಬಲ್ಲಿನ ಮೇಲೆ, ಸ್ಪೀಕರಿನಲ್ಲಿ, ಎಲ್ಲರ ಎದುರಿಗೆ:

"ಆಚಾರ್ರೇ, ಈ ದೈವಾಂಶ ತಯಾರಾಗಿದ್ದು ಯಾವ ದೇಶದಲ್ಲಿ? ಸುಂಕ ನಿಂತಿರೋದೇ ಅದರ ಮೇಲೆ."

ಹೊಸ ಪ್ರಿಂಟರ್

ಇದನ್ನು ಬರೆಯುವಾಗ ತಲೆ ಎತ್ತಲಾಗುತ್ತಿಲ್ಲ. ಗೊತ್ತುಪಡಿಸಿದ ಗಳಿಗೆಯೊಳಗೆ ಹಡಗು ಹತ್ತಿದ ಮಾಲಿಗೆ ಹಳೆಯ ಸುಂಕ, ಆಮೇಲಿನದಕ್ಕೆ ಹೊಸದು ಎಂಬ ಆದೇಶ ಬಂತು. "ಈ ಕಂಟೇನರ್ ತಪ್ಪಿದ್ರ ಅಲ್ಲಿಯವ್ರು ಮಾಲ ಬ್ಯಾಡ ಅಂತಾರ. ಆಮ್ಯಾಲ ಗೋದಾಮಿಗೆ ಬೀಗನ" ಎಂದರು ಮಾಲೀಕರು. ಅಕ್ಕ ಮತ್ತು ಅವಳ ಹೆಂಗಸರು ಊಟ ಮರೆತು ಪ್ಯಾಕ್ ಮಾಡಿದರು. ಶುಕ್ರವಾರ ಹತ್ತೂವರೆಗೆ ಲಾರಿ ಸಿದ್ಧ. ನನ್ನ ಕಾಗದಗಳಷ್ಟೇ ಬಾಕಿ.

ಶುಕ್ರವಾರ ಹತ್ತೂವರೆಗೆ ರಾಹುಕಾಲ.

"ಪ್ರಿಂಟರ್ ಕೆಟ್ಟೇತಿ" ಎಂದೆ, ಹಣೆಯಲ್ಲಿ ನಾಮ ಇಟ್ಟುಕೊಂಡು. ಹನ್ನೆರಡರವರೆಗೂ ಅದರ ಮುಚ್ಚಳ ತೆಗೆಯುವುದು, ಹಾಕುವುದು. ಲಾರಿ ಮುಂಬೈ ಬಂದರು ಮುಟ್ಟುವ ಒಂದು ಗಂಟೆ ಮುಂಚೆಯೇ ಆ ಹಡಗಿಗೆ ಮಾಲು ಬಿಡುವ ಗೇಟು ಮುಚ್ಚಿತ್ತು.

ಮಾಲೀಕರು ಬೈಯಲಿಲ್ಲ. ಸೋಮವಾರ ಕೋಠಿ ಬಜಾರಿನಿಂದ ಹೊಸ ಪ್ರಿಂಟರ್ ತಂದರು. "ನಿಮ್ಮ ತಪ್ಪಲ್ಲ ಆಚಾರ್ರ, ಆ ಮಶೀನಿಂದು. ಇದಕ್ಕ ನೀವೇ ಪೂಜಾ ಮಾಡ್ರಿ."

ಹಾರ ಹಾಕಿ ಆರತಿ ಎತ್ತಿದೆ. ಹಳೆಯದು ಮೂಲೆಯಲ್ಲಿ ಕೂತು ನೋಡುತ್ತಿತ್ತು. ಅಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಲ್ರೀ, ಅವತ್ತ ಮುಂಜಾನಿ ಅದರಾಗನ ನನ್ನ ಆಧಾರ್ ಕಾರ್ಡಿನ ಪ್ರಿಂಟ್ ತೆಗದುಕೊಟ್ಟಿದ್ರಲ್ಲ?"

ಮಾಲೀಕರ ಆದೇಶ

ಕಂಟೇನರ್ ಬಂದರಿನಲ್ಲೇ ಕೂತಿತು. ಹೆಂಗಸರು ದಿನಾ ಕೇಳುವರು, "ಬರೂ ವಾರ ಕೆಲಸ ಐತೇನ್ರಿ?" ಅಕ್ಕ ಮಾತ್ರ ಕೇಳುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಸಂಧ್ಯಾವಂದನೆಗೆ ಕೂತರೆ ಕಣ್ಣ ಮುಂದೆ ದೇವರ ಬದಲು ಪ್ರಿಂಟರ್.

ಮುಂದಿನ ಶುಕ್ರವಾರ ಬೆಳಿಗ್ಗೆ ಮಾಲೀಕರ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಅವರು ಬೆರಳಲ್ಲೇ ಲೆಕ್ಕ ಹಾಕಿದರು.

"ಒಂದೂವರಿ ತಾಸು?"

"ಹೌದ್ರಿ."

"ಜುಮ್ಮಾ ನಮಾಜಿಗೆ ನಾನೂ ಹೋಗ್ತೀನಿ, ಆಚಾರ್ರ. ಲಾರಿ ಕಳಿಸಿ ಹೋಗ್ತೀನಿ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಏಜೆಂಟರ ಫೋನು. ಅಧ್ಯಕ್ಷರು ಮತ್ತೊಂದು ಆದೇಶಕ್ಕೆ ಸಹಿ ಹಾಕಿದ್ದರು: ಹೊಸ ಸುಂಕ ಸದ್ಯಕ್ಕಿಲ್ಲ, ಕಂಟೇನರ್ ಹೋಗಬಹುದು! ಹೊರಗೆ ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

"ನಿಮ್ಮ ದೇವರು ದೊಡ್ಡಾವ" ಎಂದರು ಮಾಲೀಕರು. "ಇನ್ನೊಮ್ಮೆ ಅವಗ ಇಷ್ಟ ತ್ರಾಸ ಕೊಡಬ್ಯಾಡ್ರಿ."

ಆಮೇಲೆ ದೊಡ್ಡ ಹಾಳೆ ತರಿಸಿ, ದಪ್ಪ ಮಾರ್ಕರಿನಲ್ಲಿ ಬರೆದರು: 'ಇಂದಿನಿಂದ ಈ ಗೋದಾಮಿನಲ್ಲಿ ರಾಹುಕಾಲ ರದ್ದು.' ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ಪೇಪರಿನ ಫೋಟೋಗಳಲ್ಲಿ ಅಮೆರಿಕದ ಅಧ್ಯಕ್ಷರು ಕೂರುವ ಹಾಗೆಯೇ ಗತ್ತಿನಿಂದ ಕೂತು ಸಹಿಗೆ ಕೈ ಎತ್ತಿದರು.

ಗೋಡೆ ಗಡಿಯಾರದಲ್ಲಿ ಹನ್ನೊಂದು. ದೇವರಾಣೆ, ನಾನು ಹೇಳಬೇಕೆಂದು ಹೇಳಲಿಲ್ಲ. ಬಾಯಿ ತಾನಾಗಿಯೇ ಆಡಿತು:

"ಸಾಹೇಬ್ರ, ಹನ್ನೆರಡು ದಾಟ್ಲಿ. ಆಮ್ಯಾಲ ಸಹಿ ಮಾಡ್ರಿ."